ಒಲೆ ಎಣಿಸಿದ ಮೇಷ್ಟ್ರು

ಅನಂತಸ್ವಾಮಿ ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮೇಲೆ ಅವನ ತಾಯಿ ಸುಂದರಮ್ಮನವರು ಬಾಗಿಲ ಹಿಂದೆ ತೂಗುತ್ತಿದ್ದ ಅವನ ಬಟ್ಟೆಯ ಚೀಲವನ್ನು ಇಳಿಸಿ ನೆಲಕ್ಕೆ ಸುರಿದರು. ಪೆನ್ಸಿಲಿನ ತುಂಡು, ಬಳಪದ ಪುಡಿ, ಉಳಿದದ್ದೆಲ್ಲ ಹುಣಸೆ ಬೀಜ. ಮಕ್ಕಳ ಕೈ ತಾಕಿ ತಾಕಿ ನುಣ್ಣಗಾಗಿ ಹೊಳೆಯುತ್ತಿದ್ದ ಬೀಜಗಳು. ನಲವತ್ತರ ಹತ್ತಿರದ ಗಂಡಸು ಇದನ್ನು ಯಾಕೆ ಹೊತ್ತು ತಿರುಗುತ್ತಿದ್ದ ಎಂದು ಅವರು ಕೇಳಿದರು. ಇಂಥವರನ್ನೇ ಎಂದು ಕೇಳಿದ್ದಲ್ಲ. ಗೊತ್ತಿದ್ದವರು ಅಲ್ಲಿದ್ದರೂ ಆ ಹೊತ್ತು ಹೇಳುವಂಥದ್ದಾಗಿರಲಿಲ್ಲ. ಹೇಳಬೇಕಾದದ್ದು ಇದು.

ಅನಂತಸ್ವಾಮಿ ಹುಟ್ಟಿದ್ದು ಬೇಲೂರಿನ ದೇವಸ್ಥಾನದ ಬೀದಿಯಲ್ಲಿ. ಅವನ ತಂದೆ ದೇವಸ್ಥಾನದ ಅಡುಗೆ ಮನೆಯಲ್ಲಿ ಪ್ರಸಾದ ಮಾಡುವವರು. ತಂದೆ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರದೂ ಒಂದೇ ಮನೆ, ಒಂದೇ ಅಡುಗೆ. ಅನಂತಸ್ವಾಮಿಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಸುಂದರಮ್ಮನವರು ಅವನ ಕೈಗೆ ಕಬ್ಬಿಣದ ಸೌಟು ಕೊಟ್ಟು, ದೊಡ್ಡಮ್ಮನ ಒಲೆಯಿಂದ ಎರಡು ಕೆಂಡ ತೆಗೆದುಕೊಂಡು ಬಾ ಎಂದರು. ಕೆಂಡ ಮುಟ್ಟಲು ಎಂದೂ ಬಿಡದಿದ್ದ ಅಮ್ಮ ಇವತ್ತು ತಾನಾಗಿ ಕಳಿಸಿದಳೆಂದು ಅವನು ಹಿಗ್ಗಿಹೋದ. ಓಡುತ್ತ ಹೋಗಿ ಓಡುತ್ತ ಬಂದ. ನಡುಮನೆಯ ಮೂಲೆಯಲ್ಲಿ ಹೊಸದಾಗಿ ಮೆತ್ತಿದ್ದ ಒಲೆಗೆ ಆ ಕೆಂಡ ಬಿತ್ತು. ಅವತ್ತು ಮಧ್ಯಾಹ್ನ ಎಂದಿನಂತೆ ದೊಡ್ಡಮ್ಮನ ಎದುರು ಎಲೆಗೆ ಹೋಗಿ ಕೂತರೆ ಅವರು ತಲೆ ಸವರಿ, "ಅಮ್ಮ ಬಡಿಸಿರ್ತಾಳೆ, ಅಲ್ಲಿಗೆ ಹೋಗೋ," ಎಂದರು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಬೇರೆ ಬೇರೆ ಊಟ.

ಕೆಂಡ ತಂದದ್ದರಿಂದಲೇ ಮನೆ ಒಡೆಯಿತೆಂದು ಅವನು ಬಹಳ ವರ್ಷ ನಂಬಿದ್ದ. ಅಲ್ಲ ಕಣೋ ಎಂದು ಯಾರೂ ಹೇಳಲಿಲ್ಲ. ಅವನು ಯಾರನ್ನೂ ಕೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ದೊಡ್ಡವನಾದ ಮೇಲೆ ಇದನ್ನು ನಗುತ್ತಲೇ ಹೇಳುತ್ತಿದ್ದ. ಮನೆಗಳು ಬದಲಾಗುತ್ತವೆ ಎಂಬುದನ್ನು ಮಕ್ಕಳಿಗೆ ಯಾರಾದರೂ ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಬದಲಾದ ದಿನ ತಪ್ಪು ತಮ್ಮದೆಂದುಕೊಳ್ಳುತ್ತವೆ ಎನ್ನುತ್ತಿದ್ದ. ಅದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಹಾಸನದಲ್ಲಿ ತರಬೇತಿ ಮುಗಿಸಿದ ಮೇಲೆ ಅವನಿಗೆ ಕೆಲಸವಾದದ್ದು ಗಂಡಸಿಯ ಆಚೆ, ಬಿಳಿಕಲ್ಲುಕೊಪ್ಪಲಿನಲ್ಲಿ. ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಒಂದು ಬಸ್ಸು, ಅಲ್ಲಿಂದ ಗಂಡಸಿಗೆ ಇನ್ನೊಂದು, ಗಂಡಸಿಯಿಂದ ನಡಿಗೆ. ಊರಲ್ಲಿ ಸ್ಕೂಲೆಂದರೆ ಚನ್ನಪ್ಪನ ಮನೆಯ ಜಗಲಿ. ಕಟ್ಟಡ ಬರುತ್ತದೆ ಎಂದು ಸರ್ಕಾರದವರು ಹೇಳಿ ಹೋಗಿದ್ದರು, ಬಂದಿರಲಿಲ್ಲ. ಅಲ್ಲಿಯವರೆಗೆ ನನ್ನ ಜಗಲಿ ಇರಲಿ ಎಂದು ಚನ್ನಪ್ಪನೇ ಬಿಟ್ಟುಕೊಟ್ಟಿದ್ದ. ತೆಂಗಿನ ತೋಟ, ರಾಗಿ ಹೊಲ, ಮೂವರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಇದ್ದ ತುಂಬಿದ ಮನೆ. ಎಲ್ಲರಿಗೂ ಒಂದೇ ಹಂಡೆ, ಒಂದೇ ಒಲೆ. ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರೇ ಒಂದೊಲೆ ಚನ್ನಪ್ಪ. ಬೇರೆ ಊರಲ್ಲಿ ಅಣ್ಣತಮ್ಮಂದಿರು ಪಾಲಾಗುತ್ತೇವೆಂದು ನಿಂತರೆ ಬುದ್ಧಿ ಹೇಳಲು ಅವನನ್ನೇ ಕರೆದೊಯ್ಯುತ್ತಿದ್ದರು. ಅವನ ಹೆಂಡತಿ ಗಿಡ್ಡಮ್ಮ ಆ ಒಲೆಯ ಮುಂದೆ ಕೂತು ಮುದ್ದೆ ಕಟ್ಟುತ್ತಿದ್ದರೆ ಯಾವ ಸೊಸೆಯೂ ಎದುರು ಮಾತಾಡುತ್ತಿರಲಿಲ್ಲ.

ಅನಂತಸ್ವಾಮಿ ಊರಾಚೆಯ ಒಂದು ಕೋಣೆಯಲ್ಲಿ ತಾನೇ ಬೇಯಿಸಿಕೊಂಡು ಇದ್ದ. ಮದುವೆಯ ಮಾತು ಬಂದಾಗಲೆಲ್ಲ ತಂಗಿ ಆಂಡಾಳ್‌ದು ಮುಗಿಯಲಿ ಎನ್ನುತ್ತಿದ್ದ. ಅವಳದು ಮುಗಿದ ಮೇಲೆ ಏನೂ ಎನ್ನಲಿಲ್ಲ.

ಒಂದು, ಎರಡನೆಯ ತರಗತಿಯ ಮಕ್ಕಳಿಗೆ 'ಆಗ, ಈಗ' ಎಂದು ಅವನೊಂದು ಪಾಠ ಮಾಡುತ್ತಿದ್ದ. ಪುಸ್ತಕದಲ್ಲಿ ಇದ್ದದ್ದಲ್ಲ. ಸ್ಕೂಲು ಆಗ ಹೇಗಿತ್ತೆಂದು ತೋರಿಸಲು ಗಂಗಾಧರಯ್ಯನೆಂಬ ಮುದುಕನನ್ನು ಕರೆತಂದ. ಕೂಲಿಮಠದಲ್ಲಿ ಓದಿದವನು ಊರಲ್ಲಿ ಅವನೊಬ್ಬನೇ ಉಳಿದಿದ್ದ. ಗಂಗಾಧರಯ್ಯ ಜಗಲಿಯ ಮೇಲೆ ಮರಳು ಹರಡಿಸಿ, ಬೆರಳಲ್ಲಿ ಅಕ್ಷರ ತಿದ್ದಿ ತೋರಿಸಿದ. ತಿದ್ದದ ಹುಡುಗರನ್ನು ಅಯ್ಯನೋರು ಹಗ್ಗಕ್ಕೆ ಜೋತು ಹಾಕುತ್ತಿದ್ದರೆಂದೂ, ತಾನು ಜೋತಾಡಿ ಜೋತಾಡಿಯೇ ಇಷ್ಟು ಉದ್ದ ಆದದ್ದೆಂದೂ ಹೇಳಿದ. ಮಕ್ಕಳು ಬಾಯಿ ತೆರೆದು ಕೇಳಿದರು. ಒಂದು ಕೋಳಿ ಬಂದು ಅವನು ಬರೆದ ಅಕ್ಷರದ ಮೇಲೆ ನಡೆದುಹೋಯಿತು. ಚನ್ನಪ್ಪನ ಮೊಮ್ಮಗಳು ದೇವೀರಿ ಅದನ್ನೇ ನೋಡುತ್ತ, "ಸಾ, ಈಗ ಇದು ಕೋಳಿ ಅಕ್ಸರ," ಎಂದಳು.

ಎರಡನೆಯ ಮಗ ರಾಮಣ್ಣನ ಮಗಳು ದೇವೀರಿ. ಮೂಗಿನ ತುದಿಗೆ ಯಾವಾಗಲೂ ಏನಾದರೂ ಅಂಟಿರುತ್ತಿತ್ತು. ಪ್ರಶ್ನೆ ಮುಗಿಯುವ ಮೊದಲೇ ಕೈ ಮೇಲೆ. ಉತ್ತರ ಸರಿಯೋ ತಪ್ಪೋ ಎಂಬ ಯೋಚನೆಯೇ ಇಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಅನಂತಸ್ವಾಮಿಗೆ ಬೇಕಾಗಿದ್ದದ್ದೂ ಅದೇ. ಬೇರೆಯವರು ಹೇಳಿದ್ದನ್ನು ಹೇಳಬೇಡಿ, ನೀವು ಕಂಡದ್ದನ್ನು ಹೇಳಿ ಎಂದು ದಿನವೂ ಹೇಳುತ್ತಿದ್ದ.

ಸ್ಕೂಲಿನ ಪಾಠವಾದ ಮೇಲೆ ಮನೆಯ ಪಾಠ. ಪ್ರತಿ ಮಗುವೂ ಮೂರು ಕಲ್ಲಿಟ್ಟು ಒಲೆ ಮಾಡಬೇಕು, ಆ ಒಲೆಯಲ್ಲಿ ಉಣ್ಣುವವರಿಗೆ ತಲೆಗೊಂದರಂತೆ ಸುತ್ತ ಅವನು ಚೀಲದಲ್ಲಿ ತಂದ ಹುಣಸೆ ಬೀಜ ಇಡಬೇಕು. ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬಂದು ಅವರ ಕಾಲದ ಒಲೆ ಒಂದು ಕಡೆ, ಈಗಿನದು ಇನ್ನೊಂದು ಕಡೆ. ಜಗಲಿಯ ಮುಂದಿನ ಅಂಗಳವೆಲ್ಲ ಒಲೆಯಾಯಿತು. ಆಗಿನದರ ಸುತ್ತ ಬೀಜ ಹೆಚ್ಚು, ಈಗಿನದರ ಸುತ್ತ ಕಡಿಮೆ. ಇದು ಯಾರ ತಪ್ಪೂ ಅಲ್ಲ, ಹೊಳೆ ಕವಲಾಗುವ ಹಾಗೆ ಎಂದು ಅನಂತಸ್ವಾಮಿ ಹೇಳಿದ. ನಿಮ್ಮ ಒಲೆ ಯಾವುದು ಸಾ ಎಂದು ಮಕ್ಕಳು ಕೇಳಿದಾಗ ತಾನೂ ಮೂರು ಕಲ್ಲಿಟ್ಟು ಒಂದು ಬೀಜ ಇಟ್ಟ. ಮಕ್ಕಳು ನಕ್ಕವು. ದೇವೀರಿ ನಗಲಿಲ್ಲ.

"ನಿಮ್ಮವ್ವ ಎಲ್ಲವ್ರೆ ಸಾ?"

"ಬೇಲೂರಲ್ಲಿ."

"ಹಂಗಾರೆ ಅದೂ ನಿಮ್ದೇ ಒಲೆ," ಎಂದು ಅವನ ಒಲೆಯ ಪಕ್ಕ ಇನ್ನೂ ಮೂರು ಕಲ್ಲು ಜೋಡಿಸಿದಳು. "ಒಬ್ಬರಿಗೆ ಎಲ್ಡು ಇರ್ಬೋದು ಅಲ್ವಾ ಸಾ?"

ಇರಬಹುದು ಎಂದ ಅನಂತಸ್ವಾಮಿ. ಆ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಆ ಸಲ ಬೇಲೂರಿಗೆ ಬಂದಾಗ ಅಮ್ಮನ ಮುಂದೆಯೂ ಹೇಳಿದ.

ಅವನು ಇರಬಹುದು ಎಂದದ್ದೇ ತಡ, ದೇವೀರಿ ತನ್ನ ಜಾಗಕ್ಕೆ ಹೋಗಿ ಮನೆಯ ದೊಡ್ಡ ಒಲೆಯ ಪಕ್ಕ ಮತ್ತೊಂದು ಪುಟ್ಟ ಒಲೆ ಇಟ್ಟಳು. ಅದರ ಮುಂದೆ ಒಂದೇ ಬೀಜ. ದೊಡ್ಡಪ್ಪನ ಮಗ ಕಲ್ಲೇಶಿ ಪಕ್ಕದಲ್ಲೇ ಇದ್ದ.

"ಅದ್ಯಾವ್ದೇ ಅದು?"

"ನಮ್ಮವ್ವಂದು. ಕೊಟ್ಟಿಗೆ ಹಿಂದೆ ಐತಲ್ಲ."

ರಾಮಣ್ಣನ ಹೆಂಡತಿ ರುಕ್ಮಿಣಮ್ಮನಿಗೆ ಅದರ ಹಿಂದಿನ ವರ್ಷ ಒಂದು ಕೂಸು ಹುಟ್ಟಿ ಉಳಿದಿರಲಿಲ್ಲ. ಆಮೇಲೆ ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆಯ ಒಲೆಯ ಮೇಲೆ ತನಗೊಬ್ಬಳಿಗೇ ಬೇರೆ ಇಡಿ ಎಂದು ಕೇಳುವ ಬಾಯಿ ಇಲ್ಲ. ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು, ಯಾರಿಗೂ ಕಾಣದ ಹಾಗೆ ಇಷ್ಟು ಅಕ್ಕಿ ಗಂಜಿ ಕಾಯಿಸಿಕೊಂಡು ಕುಡಿಯುತ್ತಿದ್ದಳು. ಗಂಡನಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಇದೆಲ್ಲ ಅನಂತಸ್ವಾಮಿಗೆ ತಿಳಿದದ್ದು ಆಮೇಲೆ. ಅವತ್ತು ಅವನು ಕಂಡದ್ದು ಮೂರು ಕಲ್ಲು, ಒಂದು ಬೀಜ. ಮಗು ಆಟವಾಡುತ್ತಿದೆ ಎಂದುಕೊಂಡ.

ಕಲ್ಲೇಶಿ ಅದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದ.

ಮಾರನೆಯ ಬೆಳಿಗ್ಗೆ ಅನಂತಸ್ವಾಮಿ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಚನ್ನಪ್ಪ ಬಂದ. ಮೊದಲು ರಾಗಿಯ ಮಾತು, ಆಮೇಲೆ ಮಳೆಯ ಮಾತು. ಅದಾದ ಮೇಲೂ ಚನ್ನಪ್ಪ ಹೋಗಲಿಲ್ಲ.

"ಊರವರು ಏನಂತಾವ್ರೆ ಗೊತ್ತಾ ಮೇಷ್ಟ್ರೇ? ಮಕ್ಕಳ ಕೈಲಿ ಮೇಷ್ಟ್ರು ಒಲೆ ಎಣಿಸ್ತಾವ್ರೆ ಅಂತ."

ಆ ಸೀಮೆಯಲ್ಲಿ ಒಲೆ ಎಣಿಸುವುದು ಎಂದರೆ ಮನೆ ಪಾಲು ಮಾಡುವುದು. ಪಂಚಾಯಿತಿ ಕೂತು ಒಲೆ ಎಣಿಸಿತೆಂದರೆ ಆ ಮನೆ ಮುಗಿಯಿತೆಂದೇ ಅರ್ಥ. ಬೇಲೂರಿನ ಬೀದಿಯಲ್ಲಿ ಬೆಳೆದ ಅನಂತಸ್ವಾಮಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಅದೇ ಊರಲ್ಲಿದ್ದು, ಅದೇ ಮಾತನ್ನು ದಿನವೂ ಬಾಯಲ್ಲಿಟ್ಟುಕೊಂಡು, ಗೊತ್ತಾಗಿರಲಿಲ್ಲ. ಇದು ಬರೀ ಪಾಠ ಚನ್ನಪ್ಪನೋರೇ ಎಂದು ಹೇಳಲು ಹೋದ. ಚನ್ನಪ್ಪ ಕೈ ಎತ್ತಿ ತಡೆದ.

"ನಾನು ಗದರಕ್ಕೆ ಬಂದಿಲ್ಲ, ಬೇಡಕ್ಕೆ ಬಂದಿವ್ನಿ. ಗಿಡ್ಡಿ ಇನ್ನೂ ನಂಬಿಲ್ಲ. ಮಗ ಏನೋ ಆಟಕ್ಕೆ ಇಡ್ತು ಅಂದ್ಕೊಂಡವ್ಳೆ. ಇವತ್ತು ಇನ್ನೊಂದ್ಸಲ ಒಲೆ ಇಡ್ಸಿ, ನೀನಿಟ್ಟಿದ್ದು ತಪ್ಪು ಅಂತ ಎಲ್ಲಾರ ಮುಂದೆ ಒಂದು ಮಾತು ಅಂದ್ಬಿಡಿ. ಮೇಷ್ಟ್ರು ತಪ್ಪು ಅಂದ್ಮೇಲೆ ಮುಗೀತು."

"ಅದು ತಪ್ಪಾ?"

ಚನ್ನಪ್ಪ ಬಾವಿಯ ಕಟ್ಟೆಯ ಮೇಲೆ ಕೂತ. "ಕೊಟ್ಟಿಗೆ ಹಿಂದಿನ ಹೊಗೆ ನಂಗೆ ಕಾಣಾಕಿಲ್ವಾ ಮೇಷ್ಟ್ರೇ? ಕಂಡೇ ಸುಮ್ಕಿದ್ದೆ. ಅದನ್ನ ಹೊಗೆ ಅಂತ ಯಾರೂ ಅಂದಿರ್ಲಿಲ್ಲ, ಅದ್ಕೇ ಮನೆ ನಿಂತಿತ್ತು. ಈಗ ಅಂದ್ಬಿಟ್ರೆ, ಪಾಲು ಕೇಳಕ್ಕೆ ದೊಡ್ಡವನೂ ಕಾಯ್ತಾವ್ನೆ, ಚಿಕ್ಕವನೂ ಕಾಯ್ತಾವ್ನೆ. ಆ ಹೆಣ್ಣುಮಗಳ್ನ ತವರಿಗೆ ಅಟ್ತಾರೆ. ಆಮ್ಯಾಕೆ ನನ್ನ ಮಾತು ನಡೆಯಾಕಿಲ್ಲ."

ಸ್ಕೂಲಿಗೆ ಬಿಟ್ಟುಕೊಟ್ಟ ಜಗಲಿಯ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿ ಹೆದರಿಸಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತೆಂದು ಅನಂತಸ್ವಾಮಿ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಅವತ್ತು ಮಕ್ಕಳಿಂದ ಮತ್ತೆ ಒಲೆ ಇಡಿಸಿದ. ದೇವೀರಿ ಎರಡು ಇಟ್ಟಳು. ಇನ್ನೊಂದು ಸಲ ನೋಡು ಎಂದ. ಅವಳು ಬಗ್ಗಿ ನೋಡಿ, ಸೊಟ್ಟಗಿದ್ದ ಒಂದು ಕಲ್ಲನ್ನು ನೆಟ್ಟಗೆ ಮಾಡಿ, ಸರಿಗೈತೆ ಸಾ ಎಂದಳು. ಒಳಬಾಗಿಲ ಹತ್ತಿರ ಗಿಡ್ಡಮ್ಮನ ಬಳೆಯ ಸದ್ದು ಕೇಳಿಸುತ್ತಿತ್ತು.

"ತಪ್ಪು," ಎಂದ ಅನಂತಸ್ವಾಮಿ. "ನಿಮ್ಮ ಮನೇಲಿ ಒಲೆ ಒಂದೇ."

ದೇವೀರಿ ಕಲ್ಲು ನೋಡಲಿಲ್ಲ, ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾರೋ ಎಂದು ನೋಡಿದಳು. ಅಲ್ಲವೆಂದು ತಿಳಿದ ಮೇಲೆ ಮೂರು ಕಲ್ಲನ್ನೂ ಒಂದೊಂದಾಗಿ ಎತ್ತಿ ಅಂಗಳದ ಅಂಚಿಗೆ ಇಟ್ಟು ಬಂದಳು. ಬೀಜ ಮಾತ್ರ ಅಲ್ಲೇ ಉಳಿದಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿದಳು.

"ಅವ್ವನ್ನ ಎಲ್ಲಿಗೆ ಹಾಕ್ಲಿ ಸಾ?"

ದೊಡ್ಡ ಒಲೆಗೆ ಹಾಕು ಎಂದ. ಅವಳು ಹಾಕಿದಳು. ಒಳಗೆ ಬಳೆಯ ಸದ್ದು ದೂರವಾಯಿತು. ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ.

ಆದರೆ ಮೇಷ್ಟ್ರು ತಪ್ಪೆಂದದ್ದನ್ನು ತಿದ್ದಿಕೊಂಡು ಬರುವುದು ದೇವೀರಿಯ ರೂಢಿ. ಸ್ಲೇಟಿನ ಮೇಲೆ ಲೆಕ್ಕ ತಪ್ಪಾಗಿದ್ದರೆ ಮನೆಗೆ ಹೋಗಿ ಅಳಿಸಿ, ಸರಿ ಮಾಡಿ, ಬೆಳಿಗ್ಗೆ ತಂದು ತೋರಿಸುತ್ತಿದ್ದಳು. ಸಾಯಂಕಾಲ ಅವಳು ಕೊಟ್ಟಿಗೆಯ ಹಿಂದೆ ಹೋದಳು. ಅವ್ವನ ಮೂರು ಕಲ್ಲನ್ನೂ ಕಿತ್ತು, ಲಂಗದ ಮಡಿಲಲ್ಲಿ ಹಾಕಿಕೊಂಡು, ಹಿತ್ತಿಲ ಬೇಲಿಯ ಆಚೆಗೆ ಎಸೆಯಲು ಹೊರಟಳು. ಗಿಡ್ಡಮ್ಮ ಹಸುವಿಗೆ ಕಲಗಚ್ಚು ಇಡಲು ಬಂದವಳು ಎದುರಾದಳು. ಮಗುವಿನ ಕೈ, ಲಂಗ, ಹೊಟ್ಟೆ ಎಲ್ಲ ಮಸಿ. ಏನೇ ಅದು ಎಂದರೆ ದೇವೀರಿ, ಮೇಷ್ಟ್ರು ತಪ್ಪು ಅಂದ್ರು, ಸರಿ ಮಾಡ್ತಾ ಇವ್ನಿ ಎಂದಳು.

ಆ ವಾರದಲ್ಲೇ ರುಕ್ಮಿಣಮ್ಮನನ್ನು ಹಳೇಬೀಡಿನ ಹತ್ತಿರದ ಅವಳ ತವರಿಗೆ ಕಳಿಸಿದರು. ಮೈ ಸರಿಹೋಗಲಿ, ಆಮೇಲೆ ನೋಡೋಣ ಎಂದು ಹೆಸರಿಗೆ ಒಂದು ಮಾತು. ಗಾಡಿ ಹೂಡಿದ್ದು ರಾಮಣ್ಣನೇ. ಮಗು ಈ ಮನೆಯದು, ಇಲ್ಲೇ ಇರಬೇಕು ಎಂದಳು ಗಿಡ್ಡಮ್ಮ. ಅನಂತಸ್ವಾಮಿ ಚನ್ನಪ್ಪನ ಹತ್ತಿರ ಹೋಗಿ ನಿಂತ. ಚನ್ನಪ್ಪ ಅವನನ್ನು ನೋಡಿ, ಕೂತ್ಕೊಳ್ಳಿ ಮೇಷ್ಟ್ರೇ ಎಂದು ಚಾಪೆ ಕೊಡವಿ ಹಾಕಿದ. ಇಬ್ಬರಲ್ಲಿ ಯಾರಿಗೂ ಏನೂ ಮಾಡಲು ತೋಚಲಿಲ್ಲ.

ದೇವೀರಿ ಸ್ಕೂಲಿಗೆ ಬರುತ್ತಿದ್ದಳು. ಕೈ ಎತ್ತುವುದು ನಿಂತಿತು. ಎರಡೂ ಮೂರೂ ಎಷ್ಟು ಎಂದರೆ ಮೊದಲು ಅವನ ಮುಖ ನೋಡುವಳು. ಅಲ್ಲಿ ಏನಿದೆಯೋ ಅದನ್ನು ಓದಲು ನೋಡುವಳು. ಆಮೇಲೆ ಸಣ್ಣ ದನಿಯಲ್ಲಿ, "ಏನ್ ಹೇಳ್ಬೇಕು ಸಾ?" ಎನ್ನುವಳು. ಅವನು ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡು ನೋಡಿದ, ಬೆನ್ನು ತಿರುಗಿಸಿ ನಿಂತು ಕೇಳಿ ನೋಡಿದ. ಒಂದು ದಿನ ಅವಳನ್ನು ಹತ್ತಿರ ಕೂರಿಸಿಕೊಂಡು, ಅವತ್ತು ತಪ್ಪು ನನ್ನದು, ನಿನ್ನದಲ್ಲ ಎಂದು ಹೇಳಿದ. ಅವಳು ಅದನ್ನೂ ಪಾಠದ ಹಾಗೆ ಕೇಳಿಸಿಕೊಂಡು, "ಹೂಂ ಸಾ, ತಪ್ಪು ನಿಮ್ದು," ಎಂದು ಒಪ್ಪಿಸಿದಳು. ಹಾಗೆ ಹೇಳಬೇಕೆಂದು ಮೇಷ್ಟ್ರು ಹೇಳಿಕೊಟ್ಟರೆಂದು ತಿಳಿದಳು.

ಬೇಲೂರಿಗೆ ಹೋಗುವಾಗ ಹಳೇಬೀಡಿನಲ್ಲಿ ಬಸ್ಸು ನಿಂತ ಒಂದು ದಿನ ಕಿಟಕಿಯ ಹೊರಗೆ ರುಕ್ಮಿಣಮ್ಮ ಕಂಡಳು. ಸಂತೆಗೆ ಬಂದವಳು. ಇಳಿದು ಹೋಗಿ ಎದುರು ನಿಂತ. ಅವಳೇ ಸಮಾಧಾನ ಹೇಳಿದಳು.

"ನೀವೇನ್ ಮಾಡೀರಿ ಮೇಷ್ಟ್ರೇ. ಒಲೆ ಹಚ್ಚಿದ್ದು ನಾನಲ್ವಾ. ಮಗ ಸ್ಕೂಲಿಗೆ ಬತ್ತದಾ?"

"ಬರ್ತಾಳೆ."

"ಉತ್ರ ಎಲ್ಲ ಹೇಳ್ತದಾ ಮುಂಚಿನಂಗೆ?"

"ಹೇಳ್ತಾಳೆ," ಎಂದ. ಕಂಡಕ್ಟರ್ ಕೂಗಿದ, ಬಸ್ಸು ಹತ್ತಿದ.

ಮುಂದಿನ ಸುಗ್ಗಿಯ ಹೊತ್ತಿಗೆ ಚನ್ನಪ್ಪನ ಮನೆ ಮೂರಾಯಿತು. ದೊಡ್ಡವನೂ ಚಿಕ್ಕವನೂ ಕಾಯುತ್ತಿದ್ದದ್ದು ಹೌದು. ರಾಮಣ್ಣನ ಪಾಲಿಗೆ ಕೊಟ್ಟಿಗೆಯ ಪಕ್ಕದ ಕೋಣೆ ಬಂತು. ಬೇರೆ ಒಲೆಯಾದ ಮೇಲೆ ಹೆಂಡತಿಯನ್ನು ಕರೆತರಬಹುದಿತ್ತು, ಎಲ್ಲರೂ ಹಾಗೇ ಅಂದುಕೊಂಡಿದ್ದರು. ಗಿಡ್ಡಮ್ಮ ನಾನು ಇರುವವರೆಗೆ ಆಗದು ಎಂದಳು, ರಾಮಣ್ಣ ಅದಕ್ಕೂ ತಲೆಯಾಡಿಸಿದ. ಆ ಒಲೆಗೆ ಆಳು ಬೇಕಲ್ಲ. ದೇವೀರಿಯನ್ನು ಸ್ಕೂಲು ಬಿಡಿಸಿದರು. ಮೂರನೆಯ ತರಗತಿಯೂ ಮುಗಿದಿರಲಿಲ್ಲ. ಅನಂತಸ್ವಾಮಿ ರಾಮಣ್ಣನಿಗೆ ಹೇಳಿದ, ಗಂಡಸಿಯ ದೊಡ್ಡ ಮನುಷ್ಯರಿಂದ ಹೇಳಿಸಿದ. ಎಲ್ಲರೂ ನಿಜ ಮೇಷ್ಟ್ರೇ ಎಂದರು. ಜಗಲಿಯ ಮೇಲೆ ಪಾಠ ನಡೆಯುವಾಗ ಹಿಂದಿನಿಂದ ಅವಳ ಒಲೆಯ ಹೊಗೆ ಬರುತ್ತಿತ್ತು. ಹಸಿ ಸೌದೆ, ಎಳೆ ಕೈ, ಹೊಗೆ ಹೆಚ್ಚು. ಕೆಮ್ಮುವುದು ಕೇಳಿಸುತ್ತಿತ್ತು. ಅವನು ಮಗ್ಗಿ ಹೇಳಿಸುವ ದನಿ ಎತ್ತರಿಸುತ್ತಿದ್ದ.

ಅರವತ್ತೊಂದರಲ್ಲಿ ಜನಗಣತಿ ಬಂತು. ಗಣತಿ ಮಾಡುವವರು ಮೇಷ್ಟ್ರುಗಳೇ. ಅರಸೀಕೆರೆಗೆ ಕರೆಸಿ ತರಬೇತಿ ಕೊಟ್ಟರು. ಕುಟುಂಬ ಎಂದರೆ ಏನು ಎಂದು ಅಧಿಕಾರಿ ವಿವರಿಸಿದರು. ಒಂದು ಸೂರು ಎಂದಲ್ಲ, ಒಂದು ರಕ್ತ ಎಂದಲ್ಲ, ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಬಿಳಿಕಲ್ಲುಕೊಪ್ಪಲಿಗೆ ಅನಂತಸ್ವಾಮಿಯನ್ನೇ ಹಾಕಿದರು. ಬೇರೆ ಊರು ಕೊಡಿ ಎಂದು ಕೇಳಿಕೊಂಡ. ಊರು ಬಲ್ಲವರು ನೀವೇ ಅಲ್ಲವೇ ಎಂದರು.

ಊರೆಲ್ಲ ಮುಗಿಸಿ ಕೊನೆಗೆ ಚನ್ನಪ್ಪನ ಮನೆಗೆ ಬಂದ. ಚನ್ನಪ್ಪ ಜಗಲಿಯಲ್ಲಿ ಕೂತಿದ್ದ. ಕೇಳುವುದಕ್ಕೆ ಮೊದಲೇ, "ಎಣಿಸ್ಕೊಳ್ಳಿ ಮೇಷ್ಟ್ರೇ, ಈಗೇನು," ಎಂದು ಕಂಬಕ್ಕೆ ಒರಗಿದ. ದೊಡ್ಡವನ ಕಡೆಯದು ಬರೆದದ್ದಾಯಿತು, ಚಿಕ್ಕವನದೂ ಆಯಿತು. ರಾಮಣ್ಣ ಹೊಲಕ್ಕೆ ಹೋಗಿದ್ದ. ಕೊಟ್ಟಿಗೆಯ ಪಕ್ಕದ ಬಾಗಿಲಿಗೆ ಹೋಗಿ ನಿಂತ. ದೇವೀರಿ ಊದುಕೊಳವೆ ಹಿಡಿದುಕೊಂಡೇ ಎದ್ದು ಬಂದಳು. ಎತ್ತರವಾಗಿದ್ದಳು. ಹಣೆಯ ಮೇಲೆ ಬೂದಿ.

ಸರ್ಕಾರ ಬರೆದುಕೊಟ್ಟ ಪ್ರಶ್ನೆಯನ್ನೇ ಅವನು ಕೇಳಬೇಕು. ಕೇಳಿದ.

"ಈ ಒಲೇಲಿ ಉಣ್ಣೋರು ಯಾರ್ಯಾರು ದೇವೀರಿ?"

ಅವಳು ಅವನ ಮುಖ ನೋಡಿದಳು. ಹಿಂದೆ ಅಜ್ಜ ಕೂತ ಜಗಲಿಯ ಕಡೆ ನೋಡಿದಳು, ಮತ್ತೆ ಅವನ ಮುಖ ನೋಡಿದಳು.

"ಅವ್ವನ್ನ ಸೇರಿಸಿ ಹೇಳ್ಬೇಕಾ ಸಾ, ಬಿಟ್ಟು ಹೇಳ್ಬೇಕಾ?"

ಇದ್ದದ್ದನ್ನು ಹೇಳು ಎಂದ.

"ಯಾವ್ದು ಇದ್ದದ್ದು ಸಾ?" ಎಂದಳು. ವ್ಯಂಗ್ಯವಿಲ್ಲ, ಸಿಟ್ಟಿಲ್ಲ. ಗೊತ್ತಾದರೆ ಹಾಗೆಯೇ ಹೇಳುತ್ತೇನೆ ಎನ್ನುವಂತೆ ಕಾದಳು. ಒಳಗೆ ಅನ್ನ ಉಕ್ಕುವ ಸದ್ದಾಯಿತು. ಅವಳು ಹೋಗಲಿಲ್ಲ. ಮೇಷ್ಟ್ರು ಹೇಳುವವರೆಗೆ ಅಲ್ಲೇ ನಿಂತಿದ್ದಳು. ಉಕ್ಕಿದ ಗಂಜಿ ಕೆಂಡಕ್ಕೆ ಸುರಿದು ಚುರ್ ಎಂದಿತು, ಹೊಗೆ ಬಾಗಿಲವರೆಗೂ ಬಂತು. ಅವನು ತಾನೇ ರಾಮಣ್ಣ, ದೇವೀರಿ, ಒಟ್ಟು ಎರಡು ಎಂದು ಬರೆದುಕೊಂಡು, ಒಲೆ ನೋಡು ಹೋಗು ಮಗು ಎಂದ.

"ಎಲ್ಡು," ಎಂದಳು ಅವಳು, ಅವನು ಬರೆದದ್ದನ್ನು ನೋಡಿ. ಆಮೇಲೆ ಒಳಗೆ ಹೋದಳು.